ಟೂರಿನ ದುಡ್ಡನ್ನ ಒಂದೇ ಗಂಟು ಕಟ್ಟಬೇಡಿ

ಹೂಮಳೆ ಆಗಿ ಹದಿನೆಂಟು ದಿನ ಆಯ್ತು. ಬ್ಯಾಕಿಂಗ್ ಮಳೆ ಇನ್ನೂ ಮುಖ ತೋರಿಸಿಲ್ಲ. ಕೆಳಗಿನ ರೊಬಸ್ಟಾಕ್ಕೆ ನಿನ್ನೆ ರಾತ್ರಿ ಎರಡನೇ ಸುತ್ತು ಸ್ಪ್ರಿಂಕ್ಲರ್ ಮುಗಿಸಿದೆ, ಹೊಳೆಯಲ್ಲಿ ಅಷ್ಟೇ ನೀರು ಇದ್ದದ್ದು. ಕಾಂಡಕೊರಕದ ಗಿಡ ಗುರುತು ಹಿಡಿಯೋದರ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಇವತ್ತು ತೋಟದ ಹೊರಗಿನ ವಿಷಯ. ಆದ್ರೆ ಕೊನೆಗೆ ತೋಟಕ್ಕೇ ಬಂದು ಮುಟ್ಟುತ್ತೆ, ಓದಿ.

ಮೊನ್ನೆ ಸೊಸೈಟಿಯಲ್ಲಿ ಗೊಬ್ಬರದ ಲೋಡ್ ಕಾಯ್ತಾ ಕೂತಿದ್ವಿ. ನಮ್ಮ ಪಕ್ಕದೂರಿನವರೊಬ್ಬರು, ನನಗಿಂತ ಹತ್ತು ವರ್ಷ ಚಿಕ್ಕವರು, ಮಕ್ಕಳಿಗೆ ರಜೆ ಬಂತಲ್ಲ, ಪಾರ್ಕಿಗೆ ಕರ್ಕೊಂಡು ಹೋಗ್ತೀನಿ, 40 ಸಾವಿರ ಬೇರೆ ತೆಗೆದಿಟ್ಟಿದ್ದೀನಿ ಅಂದ್ರು. ಒಳ್ಳೇದು, ಎಷ್ಟು ದಿನ, ದಿನಕ್ಕೆ ಎಷ್ಟು ಹಾಕಿದ್ದೀರಿ ಅಂತ ಕೇಳಿದೆ. "ಅಯ್ಯೋ ಮಾರಾಯ್ರೆ, ವರ್ಷಕ್ಕೊಂದ್ಸಲ ಹೋಗೋದು, ಅಲ್ಲೂ ಚೆಕ್‌ರೋಲ್ ಬರೀಬೇಕಾ?" ಅಂದ್ರು. ಅಲ್ಲಿದ್ದ ಏಳೆಂಟು ಜನ ನಕ್ಕರು. ನಾನೂ ನಕ್ಕೆ. ಮನೆಗೆ ಬರ್ತಾ ದಾರಿಯಲ್ಲಿ ಅನ್ನಿಸ್ತು, ಹೌದು, ಬರೀಬೇಕು. ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ, ಅದಕ್ಕೇ ಇಲ್ಲಿ ಬರೀತಾ ಇದ್ದೀನಿ.

ಕೊಯ್ಲಿನ ಕಾಲದಲ್ಲಿ ನಾವು ಏನು ಮಾಡ್ತೀವಿ ಯೋಚನೆ ಮಾಡಿ. ಸಂಜೆ ಆದ್ರೆ ತಕ್ಕಡಿ ತೂಗುಹಾಕಿ ಒಬ್ಬೊಬ್ಬರ ಚೀಲ ತೂಗ್ತೀವಿ. ಅರ್ಧ ಕೆಜಿ ಹೆಚ್ಚುಕಮ್ಮಿ ಆದ್ರೆ ನಾವೂ ಮಾತಾಡ್ತೀವಿ, ಅವರೂ ಮಾತಾಡ್ತಾರೆ. ಆ ದಿನದ್ದು ಆ ದಿನವೇ ಬುಕ್ಕಿಗೆ ಏರಬೇಕು. "ಇಡೀ ಕೊಯ್ಲಿಗೆ ಒಂದು ಲಕ್ಷ, ತಗೊಳ್ಳಿ, ನೀವು ನೀವೇ ಹಂಚ್ಕೊಳ್ಳಿ" ಅಂತ ಯಾರಾದ್ರೂ ಮೊದಲ ದಿನವೇ ಕೊಟ್ಟದ್ದುಂಟಾ? ಕೊಟ್ಟರೆ ಏನಾಗುತ್ತೆ ಗೊತ್ತೇ ಇದೆ. ಮೊದಲ ಸುತ್ತಿನಲ್ಲಿ ತುಂಬು ಗಿಡ ಕೊಯ್ದವರು ದುಡ್ಡು ತಗೊಂಡು ಹೋಗ್ತಾರೆ, ಕೊನೆಗೆ ಉದುರು ಹೆಕ್ಕೋ ಹೆಂಗಸರ ಪಾಲಿಗೆ ಬರೀ ಕೈ. ಇಷ್ಟು ಗೊತ್ತಿದ್ದ ನಾವು, ನಮ್ಮ ಮನೆಯವರನ್ನೇ ಮೂರು ದಿನ ಹೊರಗೆ ಕರ್ಕೊಂಡು ಹೋಗುವಾಗ ಗಂಟು ಕಟ್ಟಿ ಜೇಬಲ್ಲಿಟ್ಟು ಹೊರಡ್ತೀವಿ. ಮೊದಲ ದಿನದವರು ಎಲ್ಲಾ ತಿಂದು ಮುಗಿಸ್ತಾರೆ. ಕೊನೇ ದಿನ ಯಾರದ್ದು ಅಂತ ನೋಡಿದ್ದೀರಾ? ಮನೆಯಲ್ಲಿ ಯಾರು ಬಾಯಿಬಿಟ್ಟು ಏನೂ ಕೇಳಲ್ಲವೋ, ಅವರದ್ದು.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ, 2024ರ ಮೇ ತಿಂಗಳಲ್ಲಿ ಮೈಮೇಲೆ ಬಂದದ್ದು. ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ.

ಆ ವರ್ಷ ರೇಟು ಏರ್ತಾ ಇತ್ತು. 2001-02ರ ಕಾಲ ಕಂಡವರು ನಾವು. ಕಾಫಿ ಮಾರಿದ್ರೆ ಖರ್ಚು ಹುಟ್ಟದ ಕಾಲ ಅದು. ಆಗಿನಿಂದ ನಮ್ಮನೆಯಲ್ಲಿ ಟೂರು ಅಂದ್ರೆ ಧರ್ಮಸ್ಥಳ, ಬೆಳಿಗ್ಗೆ ಹೋಗಿ ಸಂಜೆ ಬರೋದು. ಇಪ್ಪತ್ತು ವರ್ಷ ಬಿಗಿ ಹಿಡಿದ ಕೈ, ಒಂದು ಒಳ್ಳೇ ವರ್ಷ ಬಂದ ಕೂಡಲೇ ಸಡಿಲ ಆಯ್ತು. ಮೂರು ದಿನಕ್ಕೆ 30 ಸಾವಿರ ಅಂತ ಮನಸ್ಸಲ್ಲೇ ಲೆಕ್ಕ ಹಾಕಿದೆ. ಯಾರಿಗೂ ಹೇಳಲಿಲ್ಲ. ಮೊದಲ ದಿನ ಪಾರ್ಕ್, ಎರಡನೇ ದಿನ ಮೈಸೂರು, ಮೂರನೇ ದಿನ ನಂಜನಗೂಡು. ನಂಜನಗೂಡು ನಮ್ಮ ಅವ್ವ ಕೇಳಿದ್ದು. ಮದುವೆಯಾಗಿ ಬಂದ ವರ್ಷ ಯಾವಾಗಲೋ ಶ್ರೀಕಂಠೇಶ್ವರನ ದೇವಸ್ಥಾನಕ್ಕೆ ಹೋಗಿದ್ದರಂತೆ, ಇನ್ನೊಂದು ಸಲ ನೋಡಬೇಕು ಅಂತ. ಅವರು ಕೇಳಿದ್ದು ಅಷ್ಟೇ.

ಹೊರಡೋಕೆ ಎರಡು ದಿನ ಇದೆ ಅನ್ನುವಾಗ ಹಾಸನದಿಂದ ಭಾಮೈದನ ಫೋನು. ಅವನೂ ಹೆಂಡತಿ ಮಕ್ಕಳ ಜೊತೆ ಬರ್ತಾನಂತೆ. ಬರಲಿ, ಸಂತೋಷ. ಐದು ಜನ ಇದ್ದದ್ದು ಒಂಬತ್ತಾಯ್ತು. ಮೂರು ದಿನಕ್ಕೆ ದೊಡ್ಡ ಗಾಡಿ ಮಾತಾಡಿದ್ವಿ, ಡೀಸೆಲ್ ಸೇರಿ 18 ಸಾವಿರ. ಪಾರ್ಕಿನ ಟಿಕೆಟ್ ಕೌಂಟರಿನಲ್ಲಿ ಭಾಮೈದ ಜೇಬಿಗೆ ಕೈ ಹಾಕಿದ. ನಾನು "ಇರ್ಲಿ ಬಿಡು ಮಾರಾಯ" ಅಂದೆ. ಎಂತಕ್ಕೆ ಅಂದೆ? ನಾವು ಕಾಫಿಯವರಲ್ಲವಾ! ಹಾಸನದ ಕಡೆ ನಮ್ಮ ಬಗ್ಗೆ ಇರೋ ಮಾತೇ ಅದು, ಕಾಫಿಯವರು. ನನ್ನದು ನಾಲ್ಕೂವರೆ ಎಕರೆ. ಆದ್ರೆ ಕೌಂಟರಿನ ಮುಂದೆ ನಾನು ನಾನೂರು ಎಕರೆ ಎಸ್ಟೇಟಿನ ಧಣಿ. ಒಂಬತ್ತು ಟಿಕೆಟ್ಟಿಗೆ 11,800.

ಪಾರ್ಕಿನ ಹೆಸರು ಹೇಳಲ್ಲ. ಅವರದ್ದೇನೂ ತಪ್ಪಿಲ್ಲ, ಬೋರ್ಡಿನಲ್ಲಿ ಬರೆದ ದರವನ್ನೇ ತಗೊಂಡ್ರು. ಆದ್ರೆ ಟಿಕೆಟ್ ಕೊಟ್ಟ ಮೇಲೆ ಖರ್ಚು ಮುಗೀತು ಅಂದ್ಕೊಂಡಿದ್ದೆ ನೋಡಿ, ಅದು ನನ್ನ ದಡ್ಡತನ. ನೀರಿಗಿಳಿಯೋಕೆ ಹತ್ತಿ ಬಟ್ಟೆ ಆಗಲ್ಲ, ನೈಲಾನೇ ಬೇಕು. ನಾವು ತಂದಿಲ್ಲ. ಅಲ್ಲೇ ಕೊಂಡದ್ದು 2,900. ಬಟ್ಟೆ ಚಪ್ಪಲಿ ಇಡೋಕೆ ಲಾಕರ್ 600. ಹೊರಗಿನ ಊಟ ಒಳಗೆ ಬಿಡಲ್ಲ, ಊಟ ತಿಂಡಿ ಜ್ಯೂಸು 5,250. ಆಟದಿಂದ ಇಳಿಯುವಾಗ ನಾವು ಬಾಯಿಬಿಟ್ಟು ಕಿರಿಚಿದ ಫೋಟೋ ರೆಡಿ ಇತ್ತು, ಅದಕ್ಕೆ 1,400. ಮಕ್ಕಳ ಟೋಪಿ, ಗೊಂಬೆ 1,500. ಎಲ್ಲಾ ಸೇರಿ 11,650. ಹೆಚ್ಚುಕಮ್ಮಿ ಇನ್ನೊಂದು ಸಲ ಟಿಕೆಟ್ ತಗೊಂಡ ಹಾಗೆ. ಈ ಲೆಕ್ಕ ಆವತ್ತು ನನಗೆ ಗೊತ್ತಿರಲಿಲ್ಲ, ಮನೆಗೆ ಬಂದು ಫೋನಿನಲ್ಲಿ ಒಂದೊಂದೇ ಹುಡುಕಿ ಕೂಡಿಸಿದಾಗ ಗೊತ್ತಾದದ್ದು. ಸ್ಕ್ಯಾನ್ ಮಾಡಿದ್ರೆ ಟಿಂಗ್ ಅಂತ ಸದ್ದು ಬರುತ್ತೆ, ಜೇಬು ತೆಳ್ಳಗಾಗಲ್ಲ.

ಅವ್ವ ಆವತ್ತು ಏನು ಮಾಡಿದ್ರು ಕೇಳಿ. ಎಪ್ಪತ್ನಾಲ್ಕು ವರ್ಷದವರು. ಅವರಿಗೂ ಟಿಕೆಟ್ ತಗೊಂಡು ಒಳಗೆ ಕರ್ಕೊಂಡು ಹೋದ್ವಿ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ ಒಂದು ಮರದ ಕೆಳಗೆ ಕಲ್ಲು ಬೆಂಚಿನ ಮೇಲೆ ಕೂತು ನಮ್ಮ ಒಂಬತ್ತು ಜನರ ಬ್ಯಾಗು ಕಾದ್ರು. ಮಧ್ಯೆ ಒಂದ್ಸಲ ನಾನು ಹೋಗಿ ನೋಡಿದೆ. "ಜನ ನೋಡ್ತಾ ಕೂತಿದ್ದೀನಪ್ಪ, ಚೆನ್ನಾಗಿದೆ, ನೀನು ಹೋಗು" ಅಂದ್ರು. ಅವರ ಕಾಲ ಹತ್ತಿರ ಯಾರದ್ದೋ ಒದ್ದೆ ಬಟ್ಟೆ ಹಿಂಡಿ ಒಣಹಾಕಿದ್ರು.

ರಾತ್ರಿ ಮೈಸೂರಿಗೆ ಬಂದು ಮೂರು ರೂಮು. ಮಾರನೇ ದಿನ ಅರಮನೆ, ಝೂ, ಊಟ. ಎರಡನೇ ದಿನ ರಾತ್ರಿ ಬ್ಯಾಂಕಿನ ಮೆಸೇಜು ನೋಡಿದೆ. ಎದೆ ಧಸಕ್ ಅಂತು. ಮೂರನೇ ದಿನ ಬೆಳಿಗ್ಗೆ ಎದ್ದು "ತೋಟದಲ್ಲಿ ಕೆಲಸ ಇದೆ, ಸೀದಾ ಊರಿಗೆ ಹೋಗೋಣ, ನಂಜನಗೂಡು ಇನ್ನೊಂದ್ಸಲ ನೋಡೋಣವ್ವ" ಅಂದೆ. ಮೈಸೂರಿನಿಂದ ನಂಜನಗೂಡು ಇಪ್ಪತ್ಮೂರು ಕಿಲೋಮೀಟರ್. ಗಾಡಿ ಬಾಡಿಗೆ ಆಗಲೇ ಮಾತಾಡಿ ಆಗಿತ್ತು. ಹೋಗಿದ್ರೆ ಎಷ್ಟು ಆಗ್ತಿತ್ತು? ಹೆಚ್ಚು ಅಂದ್ರೆ ಒಂದು ಹೊತ್ತಿನ ಊಟ, ಹೂವು ಹಣ್ಣು. ಆದ್ರೆ ದುಡ್ಡು ಮುಗಿದವನಿಗೆ ಲೆಕ್ಕ ತಲೆಯಲ್ಲಿ ನಿಲ್ಲಲ್ಲ, ಹೆದರಿಕೆ ಒಂದೇ ನಿಲ್ಲೋದು. ಅವ್ವ "ಆಯ್ತಪ್ಪ" ಅಂದ್ರು.

ಒಟ್ಟು 61,400. ಅಂದ್ಕೊಂಡದ್ದಕ್ಕಿಂತ 31,400 ಹೆಚ್ಚು. ಅದು ಎಲ್ಲಿಂದ ಬಂತು? ಮುಂಗಾರಿಗೆ ಮೊದಲು ಹಾಕೋ ಗೊಬ್ಬರದ್ದು, ಜೂನಿನ ಸ್ಕೂಲ್ ಫೀಸಿಂದು. ಮೇ ಕೊನೆಗೆ ವ್ಯಾಪಾರಿ ಹತ್ತಿರ ಹೋಗಿ 40 ಸಾವಿರ ಅಡ್ವಾನ್ಸ್ ಎತ್ತಿದೆ, ಐದು ಮೂಟೆ ಅರೇಬಿಕಾ ಪಾರ್ಚ್‌ಮೆಂಟ್ ಮೂಟೆಗೆ 17,500ರಂತೆ ಅಂತ ಮಾತು. ಆವತ್ತಿಗೆ ಅದು ಒಳ್ಳೇ ರೇಟೇ, ವ್ಯಾಪಾರಿ ಮೋಸ ಮಾಡಿದ ಅಂತ ಹೇಳಲ್ಲ. 2025ರ ಆರಂಭದಲ್ಲಿ ಪಾರ್ಚ್‌ಮೆಂಟ್ 50 ಕೆಜಿ ಮೂಟೆಗೆ 25 ಸಾವಿರ ದಾಟಿದ್ದು ನಿಮಗೆಲ್ಲ ಗೊತ್ತು. ನಾನು ಮಾತಿನ ಪ್ರಕಾರ 17,500ಕ್ಕೇ ಅಳೆದು ಕೊಟ್ಟೆ. ಮೂಟೆಗೆ ಏಳೂವರೆ ಸಾವಿರ ಅಂತಲೇ ಹಿಡೀರಿ, ಐದಕ್ಕೆ 37,500. ಟೂರಿನ ಖರ್ಚಿಗೆ ಅದನ್ನೂ ಸೇರಿಸಿದ್ರೆ 98,900. ಒಂದು ಲಕ್ಷಕ್ಕೆ 1,100 ಕಮ್ಮಿ. ಅದರಲ್ಲಿ ಅವ್ವನಿಗೆ ಸಿಕ್ಕಿದ್ದು ಒಂದು ಕಲ್ಲು ಬೆಂಚು.

ಈಗ ನಿಮ್ಮ ಮಾತಿಗೆ ಬರ್ತೀನಿ. "ವರ್ಷಕ್ಕೊಂದ್ಸಲ ಹೋಗೋದು, ಲೆಕ್ಕ ಎಂತಕ್ಕೆ?" ವರ್ಷಕ್ಕೊಂದ್ಸಲ ಅಂತಲೇ ಲೆಕ್ಕ ಬೇಕು. ದಿನಾ ಹೋಗೋ ಅಂಗಡಿಯಲ್ಲಿ ಇವತ್ತು ಹೆಚ್ಚಾದ್ರೆ ನಾಳೆ ಕಮ್ಮಿ ಮಾಡಬಹುದು. ವರ್ಷಕ್ಕೊಂದೇ ಸಲ ಬರೋ ದಿನ ಹೋದ್ರೆ ಹೋಯ್ತು.

ಇನ್ನೊಂದು ಕಡೆಯವರೂ ಇದ್ದಾರೆ, ಹೆಚ್ಚಾಗಿ ನನ್ನ ವಯಸ್ಸಿನವರು. "ರೈತರ ಮಕ್ಕಳಿಗೆ ಪಾರ್ಕ್ ಎಂತಕ್ಕೆ? ಬೆಂಗಳೂರಿನವರು ದುಡ್ಡು ಕೊಟ್ಟು ನಮ್ಮ ಮುಳ್ಳಯ್ಯನಗಿರಿಗೆ, ಹೆಬ್ಬೆ ಫಾಲ್ಸಿಗೆ ಬರ್ತಾರೆ, ನಮ್ಮವರು ಅಲ್ಲಿ ಸಿಮೆಂಟ್ ಹೊಂಡದಲ್ಲಿ ಬೀಳೋಕೆ ಹೋಗ್ತಾರೆ" ಅಂತಾರೆ. ಕೇಳೋಕೆ ಚಂದ. ಆದ್ರೆ ನಮ್ಮ ಮಕ್ಕಳು ಆ ಗಿರಿಯ ಬುಡದಲ್ಲಿ ಜಿಗಣೆ ಕಚ್ಚಿಸ್ಕೊಂಡು, ಡಿಸೆಂಬರ್ ರಜೆ ಅಂದ್ರೆ ಕಣದಲ್ಲಿ ಕಾಫಿ ಕೆದಕೋದು ಅಂತ ಬೆಳೆದವರು. ಕ್ಲಾಸಿನಲ್ಲಿ ಬೇರೆ ಮಕ್ಕಳು ಹೋಗಿ ಬಂದ ಕಥೆ ಹೇಳುವಾಗ ಸುಮ್ಮನೆ ಕೂತವರು. ನನ್ನ ಮಗ ಆ ಎತ್ತರದ ಚಕ್ರದಿಂದ ಇಳಿದು ಬಂದಾಗಿನ ಮುಖ ನಾನು ನೋಡಿದ್ದೀನಿ. ಹೋಗಬೇಡಿ ಅಂತ ನಾನು ಹೇಳಲ್ಲ. ಹೋಗಿ. ಹೋಗೋಕೆ ಆಗದ ಹಾಗೆ ಮಾಡ್ಕೋಬೇಡಿ ಅಂತ ಹೇಳ್ತಾ ಇದ್ದೀನಿ.

ಮೂರನೆಯವರ ಮೇಲೆ ನನಗೆ ನಿಜವಾಗಿ ಸಿಟ್ಟು. ಯಾಕಂದ್ರೆ ನಾನೂ ಅವರಲ್ಲಿ ಒಬ್ಬ. "ಲೆಕ್ಕ ಇದೆ, ಆದ್ರೆ ನನ್ನ ಮನಸ್ಸಲ್ಲಿದೆ, ಹೆಂಗಸರು ಮಕ್ಕಳಿಗೆ ಎಂತಕ್ಕೆ ಹೇಳೋದು?" ಮನಸ್ಸಿನಲ್ಲಿರೋ ಲೆಕ್ಕ ಬಾಯಿಗೆ ಬರಲ್ಲ, ಮುಖಕ್ಕೆ ಬರುತ್ತೆ. ಮಗ ಐಸ್‌ಕ್ರೀಂ ಕೇಳ್ತಾನೆ, ಅಪ್ಪನ ಮುಖ ಗಂಟಾಗುತ್ತೆ. ಐಸ್‌ಕ್ರೀಮಿಗೆ ದುಡ್ಡಿಲ್ಲ ಅಂತಲೋ, ತಾನು ಏನೋ ತಪ್ಪು ಮಾಡಿದೆ ಅಂತಲೋ, ಆ ಮಗುವಿಗೆ ಹೇಗೆ ಗೊತ್ತಾಗಬೇಕು? 2024ರಲ್ಲಿ ಎರಡನೇ ದಿನ ಪೂರ್ತಿ ನಾನು ಹಾಗೇ ಇದ್ದೆ ಅಂತ ಆಮೇಲೆ ಮಗಳು ಹೇಳಿದಳು. "ಝೂನಲ್ಲಿ ನೀವು ಒಂದು ಪ್ರಾಣಿನೂ ನೋಡಲಿಲ್ಲ ಅಪ್ಪ, ಬರೀ ಬೋರ್ಡಿನ ರೇಟು ನೋಡ್ತಿದ್ರಿ" ಅಂದಳು.

ಜಾತ್ರೆಗೆ ಹೋಗಿ ರೂಢಿ ಇರೋ ನಮಗೆ ಪಾರ್ಕಿನ ಟಿಕೆಟ್ಟು ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯೋದೇ ಇಲ್ಲ. ಜಾತ್ರೆಯಲ್ಲಿ ತೊಟ್ಟಿಲಿಗೆ ಒಂದ್ಸಲ ದುಡ್ಡು, ಕುದುರೆಗೆ ಒಂದ್ಸಲ. ದಸರಾ ಎಕ್ಸಿಬಿಷನ್ನಿನಲ್ಲೂ ಹಾಗೇ. ಪ್ರತಿ ಸಲ ಜೇಬಿಗೆ ಕೈ ಹೋಗುತ್ತೆ, ಸಾಕು ಅನ್ಸುತ್ತೆ. ಅಮೆರಿಕದ ಡಿಸ್ನಿಲ್ಯಾಂಡ್ 1955ರಲ್ಲಿ ಶುರುವಾದದ್ದು, ಅಲ್ಲೂ ಮೊದಲು ಆಟ ಆಟಕ್ಕೆ ಬೇರೆ ಕೂಪನ್ ಇತ್ತು, ಸಣ್ಣ ಆಟಕ್ಕೆ ಎ, ಎಲ್ಲಕ್ಕಿಂತ ದೊಡ್ಡದಕ್ಕೆ ಇ ಅಂತ. 1982ರಲ್ಲಿ ಅದನ್ನ ಕೈಬಿಟ್ಟು ಎಲ್ಲದಕ್ಕೂ ಒಂದೇ ಟಿಕೆಟ್ ಮಾಡಿದ್ರು. ನಮ್ಮ ಕಡೆಯ ದೊಡ್ಡ ಪಾರ್ಕುಗಳೂ ಒಂದೇ ಟಿಕೆಟ್ಟಿನವು. ಬಾಗಿಲಲ್ಲಿ ದುಡ್ಡು ಕೊಟ್ಟ ಮೇಲೆ ಆಟ ಎಲ್ಲಾ ಪುಕ್ಕಟೆ ಅನ್ನಿಸ್ತದೆ. ಪುಕ್ಕಟೆ ಅನ್ನಿಸಿದವನ ಕೈ ಊಟಕ್ಕೆ, ಫೋಟೋಕ್ಕೆ, ಗೊಂಬೆಗೆ ತಾನಾಗಿ ಬಿಚ್ಚುತ್ತೆ. ಅದು ಅವರ ವ್ಯಾಪಾರ, ಮಾಡಲಿ. ನಾವು ಹೋಂಸ್ಟೇ ನಡೆಸೋರು ದಿನಕ್ಕೆ ತಲೆಗೆ ಇಷ್ಟು ಅಂತ ಹೇಳಲ್ವಾ? ಬೇರೆಯವರ ಜೇಬಿಗೆ ದಿನದ ಲೆಕ್ಕ ಹಾಕೋಕೆ ಬರುತ್ತೆ, ನಮ್ಮದಕ್ಕೆ ಬರಲ್ಲ.

ಟಿಕೆಟ್ಟಿನ ವಿಷಯ ಬಂತಲ್ಲ, ಇದನ್ನೂ ತಿಳ್ಕೊಳ್ಳಿ. ಬಿಡದಿ ಹತ್ತಿರದ ವಂಡರ್‌ಲಾ 2005ರಿಂದ ಇದೆ. ಅಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸು ನೋಡಲ್ಲ, ಎತ್ತರ ನೋಡ್ತಾರೆ. ಮನೆಯಿಂದ ಹೊರಡೋ ಮೊದಲೇ ಬಾಗಿಲ ಪಕ್ಕ ಮಗುವನ್ನ ನಿಲ್ಲಿಸಿ ಟೇಪು ಹಿಡೀರಿ. ವಾರದ ದಿನಕ್ಕೂ ಶನಿವಾರ ಭಾನುವಾರಕ್ಕೂ ದರ ಬೇರೆ. ಭಾನುವಾರ ರಜೆ ಬೇಕು ಅನ್ನೋದು ಆಫೀಸಿನವರ ಕಷ್ಟ, ನಮಗೆ ಮಂಗಳವಾರ ಆದ್ರೇನು. ಜಿಎಸ್‌ಟಿ ಸೇರಿಸಿ ಕೇಳಿ. ಪಾರ್ಕಿನ ಟಿಕೆಟ್ಟಿಗೆ ಮೊದಲು 28 ಇತ್ತು, 2018ರ ಜನವರಿಯಲ್ಲಿ 18 ಮಾಡಿದ್ರು. ನೂರಕ್ಕೆ ಹದಿನೆಂಟು ಅಂದ್ರೆ ಐದು ಟಿಕೆಟ್ಟಿಗೆ ಹತ್ತಿರ ಹತ್ತಿರ ಆರನೇದ್ದೊಂದು ಬಂದ ಹಾಗೆ.

ಹೋದ ವರ್ಷ ಮತ್ತೆ ಹೋದ್ವಿ. ಹೌದು, ಅಷ್ಟಾದ ಮೇಲೂ. ಮಗಳು ಮೊದಲೇ ಷರತ್ತು ಹಾಕಿದಳು, ಲೆಕ್ಕ ತಾನು ಬರೀತೀನಿ ಅಂತ. ಒಂದು ರಾತ್ರಿ ಊಟ ಆದ ಮೇಲೆ ನಾಲ್ಕೂ ಜನ ಕೂತ್ವಿ. ಮನೆಯಲ್ಲಿ ಉಳಿದಿದ್ದ ಮದುವೆ ಮುಯ್ಯಿ ಕವರ್ ನಾಲ್ಕು ತಗೊಂಡಳು. ಮೊದಲ ದಿನ 4,800. ಪಾರ್ಕಿನ ದಿನ 9,500. ವಾಪಸ್ ಬರೋ ದಿನ 3,700. ನಾಲ್ಕನೇ ಕವರಿನ ಮೇಲೆ "ಕೈತಪ್ಪು" ಅಂತ ಬರೆದು 2,000. ಒಟ್ಟು 20 ಸಾವಿರ. ಒಂದೇ ಕಟ್ಟಳೆ: ಇವತ್ತು ಉಳಿದದ್ದು ನಾಳೆಗೆ ಹೋಗಬಹುದು, ನಾಳೆಯದ್ದು ಇವತ್ತು ಮುಟ್ಟೋ ಹಾಗಿಲ್ಲ. ನಾನು ಮುಟ್ಟಬಾರದು ಅಂತ ಕವರೆಲ್ಲಾ ನಮ್ಮನೆಯವರ ಬ್ಯಾಗಿಗೆ ಹೋಯ್ತು. ಭಾಮೈದನಿಗೂ ಫೋನಲ್ಲೇ ಹೇಳಿದೆ, "ಬರೋದಾದ್ರೆ ಬಾ, ಈ ಸಲ ಅವರವರದ್ದು ಅವರವರು." ಅವನು "ಅಬ್ಬಾ, ಒಳ್ಳೇದಾಯ್ತು ಭಾವ, ಹೋದ ಸಲ ನನಗೇ ಮುಜುಗರ ಆಗಿತ್ತು" ಅಂದ. ಕಾಫಿಯವರ ಮರ್ಯಾದೆ ಅಂತ ನಾನು ಹೊತ್ಕೊಂಡು ತಿರುಗಿದ್ದು ಯಾರಿಗೂ ಬೇಕಿರಲಿಲ್ಲ. ಕೊನೆಗೆ ಅವರಿಗೆ ಬರೋಕೆ ಆಗಲಿಲ್ಲ, ಅದು ಬೇರೆ.

ಬಸ್ಸಿನಲ್ಲಿ ಹೋದ್ವಿ. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆ 2023ರ ಜೂನಿನಿಂದ ಇದೆ, ತಾಯಿ ಮಗಳಿಗೆ ಟಿಕೆಟ್ ಇಲ್ಲ, ನನಗೂ ಮಗನಿಗೂ ಮಾತ್ರ. ಟಿಕೆಟ್ಟು ಮನೆಯಲ್ಲೇ ಬುಕ್ ಮಾಡಿ, ನೈಲಾನ್ ಬಟ್ಟೆ ಸಂತೆಯಲ್ಲೇ ತಗೊಂಡಿದ್ವಿ. ಬೆಳಿಗ್ಗೆ ಹೊರಗೆ ಹೊಟ್ಟೆ ತುಂಬ ತಿಂದು ಒಳಗೆ ಹೋಗಿ, ಮಧ್ಯಾಹ್ನ ಒಂದೇ ಊಟ. ಪಾರ್ಕಿನ ಕವರಿನಿಂದ ಮಗನ ಕೈಗೆ 400 ಕೊಟ್ಟು, ಇದು ನಿನ್ನದು, ಏನು ಬೇಕಾದ್ರೂ ಮಾಡು, ಇನ್ನು ಕೇಳೋ ಹಾಗಿಲ್ಲ ಅಂದ್ವಿ. ಹೋದ ಸಲ ಕಂಡದ್ದೆಲ್ಲ ಕೇಳಿದವನು ಈ ಸಲ ಅಂಗಡಿ ಮುಂದೆ ಹತ್ತು ನಿಮಿಷ ನಿಂತು, ಜೋಳಕ್ಕೆ 150 ಕೊಟ್ಟು, ಉಳಿದ 250 ಮೈಸೂರಲ್ಲಿ ಕ್ರಿಕೆಟ್ ಬಾಲಿಗೆ ಬೇಕು ಅಂತ ಇಟ್ಕೊಂಡ. ಸಿಕ್ಕಿಬಿದ್ದವನು ನಾನು. ಸಂಜೆ ಲೆಕ್ಕ ಬರೆಯುವಾಗ ಮಗಳು "ಅಪ್ಪ, ಕಾಫಿ ಮೂರು ಸಲ, 180" ಅಂದಳು. ಒಂದು ಲೋಟಕ್ಕೆ ಹೆಚ್ಚು ಅಂದ್ರೆ ಹತ್ತು ಗ್ರಾಂ ಪುಡಿ, ಅದರಲ್ಲೂ ಚಿಕೋರಿ. ಬಾಬಾಬುಡನ್ ಏಳು ಬೀಜ ತಂದ ಗಿರಿಯ ಕೆಳಗೆ ಕಾಫಿ ಬೆಳೆಯೋ ನಾನು ಅಲ್ಲಿ 60 ರೂಪಾಯಿ ಕೊಟ್ಟು ಬಿಸಿನೀರು ಕುಡಿದು ಬಂದೆ.

ಮೊದಲ ದಿನ 4,350, ಪಾರ್ಕಿನ ದಿನ 9,720, ಕೊನೇ ದಿನ 3,410. ಪಾರ್ಕಿನ ದಿನ ಹೆಚ್ಚಾದ 220 ಹಿಂದಿನ ದಿನದ ಉಳಿಕೆಯಿಂದ. ಮಗನ ಚಪ್ಪಲಿ ಹರಿದದ್ದಕ್ಕೆ ಕೈತಪ್ಪಿನಿಂದ 350. ಒಟ್ಟು 17,830. ಉಳಿದದ್ದು 2,170. ನಾಲ್ಕು ಜನ ಹೋದದ್ದಕ್ಕೂ ಒಂಬತ್ತು ಜನ ಹೋದದ್ದಕ್ಕೂ ಹೋಲಿಸಬಾರದು ಅಂತ ನೀವು ಹೇಳಬಹುದು, ಸರಿ. ನಾನು ಹೋಲಿಸ್ತಾ ಇರೋದು ಕೊನೇ ದಿನವನ್ನ. ಈ ಸಲ ಕೊನೇ ದಿನ ಬಸ್ ಸ್ಟ್ಯಾಂಡಿನಲ್ಲಿ ನಾವು ನಗ್ತಾ ಇದ್ವಿ. ಆ ಮೇ ಕೊನೆಗೆ ನಾನು ವ್ಯಾಪಾರಿ ಬಾಗಿಲಿಗೆ ಹೋಗಲಿಲ್ಲ.

ಮೊದಲ ದಿನವೇ ನಂಜನಗೂಡಿಗೆ ಹೋಗಿ ಬಂದ್ವಿ. ಅವ್ವ ಇರಲಿಲ್ಲ. 2024ರ ಮಳೆಗಾಲದಲ್ಲಿ ಹಿತ್ತಲ ಮೆಟ್ಟಿಲಲ್ಲಿ ಜಾರಿದ ಮೇಲೆ ಅವರ ಮಂಡಿ ಸರಿ ಇಲ್ಲ, ಬಸ್ಸಿನ ಮೆಟ್ಟಿಲು ಹತ್ತೋಕೆ ಆಗಲ್ಲ. ಅಕ್ಕ ಬಂದು ಅವರ ಜೊತೆ ಇದ್ದಳು. ಪ್ರಸಾದ ತಂದು ಕೊಟ್ಟೆ. ಕಣ್ಣಿಗೊತ್ತಿಕೊಂಡು, ದೇವಸ್ಥಾನದ ಎದುರು ಹೊಳೆಯಲ್ಲಿ ನೀರಿತ್ತಾ ಅಂತ ಕೇಳಿದ್ರು. ಇತ್ತು ಅಂದೆ.

ಈ ಸಲ ಪಾರ್ಕ್ ಇಲ್ಲ. ಮಗಳಿಗೆ ಪರೀಕ್ಷೆ ಇದೆ, ಮಗನೂ ಒಪ್ಪಿದ್ದಾನೆ. ಒಂದೇ ದಿನ, ಒಂದೇ ಕವರ್. ಹೋದ ವರ್ಷ ಉಳಿದ 2,170 ಅದರಲ್ಲೇ ಇದೆ, ಅದಕ್ಕೆ ಸೇರಿಸ್ತಾ ಇದ್ದೀವಿ. ಮೂಡಿಗೆರೆ ಕಡೆಯಿಂದ ಬೆಳಗಿನ ಜಾವ ಹೊರಟು ನಂಜನಗೂಡಿಗೆ ಹೋಗಿ ರಾತ್ರಿ ಒಳಗೆ ವಾಪಸ್ ಬರಬೇಕು. ಕಾರಿನ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಯಬೇಕು, ವಯಸ್ಸಾದವರು ಕಾಲು ಚಾಚಿ ಕೂರೋ ಹಾಗೆ. ಡ್ರೈವರ್ ನಿಧಾನಸ್ಥ ಆಗಿರಬೇಕು. ಅಂಥ ಗಾಡಿ ಇರೋರು ನಿಮ್ಮ ಕಡೆ ಯಾರಾದ್ರೂ ಇದ್ರೆ, ದಿನದ ಬಾಡಿಗೆ ಎಷ್ಟು, ಡೀಸೆಲ್ ಟೋಲ್ ಸೇರಿನಾ ಬೇರೆನಾ ಅಂತ ಕೇಳಿ ತಿಳಿಸಿ. ಮಳೆ ಹಿಡಿಯೋ ಮೊದಲು ಹೋಗಿ ಬರಬೇಕು ಅಂತ ಇದ್ದೀವಿ.